ವೆಬ್‌ಸೈಟಿಗೆ ಮೂರು ಕಡೆ ದುಡ್ಡು ಕೊಟ್ಟ ಮೇಲೆ

ಸಾಗರದ ಹತ್ತಿರದ ಹಳ್ಳಿಯಲ್ಲಿ ನಾನು, ಅತ್ತೆ ಸೇರಿ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು ಎಂಬ ಸಿಹಿತಿಂಡಿ ಮಾಡಿ ಮಾರುತ್ತೇವೆ. ಗಿರಾಕಿಗಳು ಹೆಚ್ಚಿನವರು ಬೆಂಗಳೂರು, ಮುಂಬೈ ಸೇರಿದ ನಮ್ಮ ಕಡೆಯವರೇ. ವಾಟ್ಸಾಪಿನಲ್ಲಿ ಆರ್ಡರ್ ಬರೆದುಕೊಂಡು ಸಾಕಾಗಿ ವೆಬ್‌ಸೈಟ್ ಮಾಡಿಸಿದೆವು. ಮೊದಲು ಬೆಂಗಳೂರಿನ ಒಂದು ದೊಡ್ಡ ಕಂಪನಿ. ಆಮೇಲೆ ತಿಂಗಳ ಬಾಡಿಗೆ ಕಟ್ಟಿ ನಾವೇ ಜೋಡಿಸಿಕೊಳ್ಳುವ ರೆಡಿಮೇಡ್ ಸೈಟು. ಈಗ ಶಿವಮೊಗ್ಗದ ಇಬ್ಬರು ಹುಡುಗರ ಪುಟ್ಟ ಆಫೀಸು. ಮೂರನ್ನೂ ಬಳಸಿ ನೋಡಿದ್ದೇನೆ. ನಮ್ಮಂಥ ಸಣ್ಣ ವ್ಯಾಪಾರದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಬೆಂಗಳೂರಿನವರು 65,000 ಹೇಳಿದರು. ಶೇ. 18 ಜಿಎಸ್‌ಟಿ ಸೇರಿ 76,700 ಆಯಿತು. ಮೊದಲ ವರ್ಷ ನಿರ್ವಹಣೆ ಪುಕ್ಕಟೆ, ಎರಡನೇ ವರ್ಷದಿಂದ 18,000. ರೆಡಿಮೇಡ್ ಸೈಟಿಗೆ ತಿಂಗಳಿಗೆ 1,500. ಶಿವಮೊಗ್ಗದವರಿಗೆ 30,000, ಎರಡನೇ ವರ್ಷದಿಂದ ಹೋಸ್ಟಿಂಗ್ (ಸೈಟು ಇಡುವ ಸರ್ವರಿನ ಬಾಡಿಗೆ) ಎಲ್ಲ ಸೇರಿ ವರ್ಷಕ್ಕೆ 6,000. ಮೇಲ್ನೋಟಕ್ಕೆ ಬಾಡಿಗೆಯದ್ದೇ ಅಗ್ಗ ಅನ್ನಿಸುತ್ತದೆ, ಅಲ್ವಾ? ಮೂರು ವರ್ಷಕ್ಕೆ ಲೆಕ್ಕ ಹಾಕಿ. ಬಾಡಿಗೆಗೆ 54,000, ಶಿವಮೊಗ್ಗಕ್ಕೆ 42,000, ಬೆಂಗಳೂರಿಗೆ ಒಂದು ಲಕ್ಷದ ಮೇಲೆ. ಕೊಟೇಶನ್ ಬಂದಾಗ ನಾನು ಈ ಲೆಕ್ಕ ಹಾಕಿರಲಿಲ್ಲ.

ನೋಡಲು ಚಂದ ಇದ್ದದ್ದು ಮಾತ್ರ ಬೆಂಗಳೂರಿನವರು ಮಾಡಿದ್ದೇ. ಸೈಟ್ ತೆರೆದ ಕೂಡಲೇ ಜೋಗದ ವಿಡಿಯೋ ಓಡುತ್ತಿತ್ತು. ಆದರೆ ನಮ್ಮೂರಿನ ನೆಟ್‌ವರ್ಕಿನಲ್ಲಿ ಉಪ್ಪಿನಕಾಯಿ ಬಾಟಲಿ ಕಾಣುವ ಹೊತ್ತಿಗೆ ಒಲೆ ಮೇಲಿನ ಹಾಲು ಉಕ್ಕುತ್ತಿತ್ತು. ನಾನು ಕಳಿಸಿದ 5 ಎಂಬಿ ಫೋಟೋಗಳನ್ನು ಹಾಗೆಯೇ ಏರಿಸಿಬಿಟ್ಟಿದ್ದರು. ಶಿವಮೊಗ್ಗದ ಹುಡುಗರು ಅದೇ ಫೋಟೋಗಳನ್ನು ವೆಬ್‌ಪಿ ಎಂಬ ಹಗುರ ನಮೂನೆಗೆ ಬದಲಿಸಿ 120 ಕೆಬಿಗೆ ಇಳಿಸಿದರು. ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಕನ್ನಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಲೇಬಲ್ ಮಾಡುವ ಡಿಟಿಪಿಯವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ಬೆಂಗಳೂರಿಗೆ ಕಳಿಸಿದೆ. ಅವರು ಕಾಪಿ ಮಾಡಿ ಹಾಕಿದರು. ಸೈಟಿನಲ್ಲಿ ನೋಡಿದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕಿ. ಹಳೆಯ ನುಡಿ ಫಾಂಟಿನಲ್ಲಿ ಒಳಗೆ ಕೂರುವುದು ಇಂಗ್ಲಿಷ್ ಅಕ್ಷರದ ಕೋಡು, ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಸೈಟಿಗೆ ಹಾಕುವ ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲಿಗೂ ಅರ್ಥವಾಗುವ ಕೋಡಿಗೆ, ಬದಲಿಸಿಕೊಳ್ಳಬೇಕು. ಇದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಎರಡು ವಾರ ಮೇಲ್ ಓಡಾಡಿತು. ಕೊನೆಗೆ ನಾನೇ ಮೊಬೈಲಿನಲ್ಲಿ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿ ಕಳಿಸಿದೆ.

ರೆಡಿಮೇಡ್ ಸೈಟಿನಲ್ಲಿ ಕನ್ನಡವೇನೋ ಬಂತು. ಆದರೆ ದೊಡ್ಡ ಅಕ್ಷರದ ತಲೆಬರಹದಲ್ಲಿ ಸಾಲಿನ ಎತ್ತರ ಇಂಗ್ಲಿಷಿನ ಅಳತೆಯದು. ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಲ್ಲ, ಅದು ಇರಲಿಲ್ಲ. ಒತ್ತು ಕತ್ತರಿಸಿಹೋಗಿ ಉಪ್ಪಿನಕಾಯಿ ಹೋಗಿ ‘ಉಪಿನಕಾಯಿ’, ಅಪ್ಪೆಮಿಡಿ ಹೋಗಿ ‘ಅಪೆಮಿಡಿ’ ಆಯಿತು. ಅತ್ತೆ ಕನ್ನಡಕ ಏರಿಸಿ ನೋಡಿ, ‘ಇದೆಂತದೇ, ಉಪ್ಪಿನಕಾಯಿಗೆ ಒತ್ತೇ ಇಲ್ವಲ್ಲೇ?’ ಅಂದರು. ಸಹಾಯಕ್ಕೆ ಚಾಟ್ ಮಾಡಿದರೆ, ಥೀಮಿನ (ಸೈಟಿನ ರೆಡಿಮೇಡ್ ವಿನ್ಯಾಸದ) ಕೋಡ್ ತಿದ್ದುವವರನ್ನು ಹುಡುಕಿಕೊಳ್ಳಿ ಎಂಬ ಉತ್ತರ ಬಂತು. ಆ ಹುಡುಕಾಟದಲ್ಲೇ ಶಿವಮೊಗ್ಗದವರು ಸಿಕ್ಕಿದ್ದು. ಅವರಿಗೆ ತೋರಿಸಿದೆ. ‘ಅಕ್ಕಾ, ಲೈನ್ ಹೈಟ್ ಕಮ್ಮಿ ಇದೆ ಅಷ್ಟೇ’ ಎಂದು ನನ್ನೆದುರೇ ಎರಡು ನಿಮಿಷದಲ್ಲಿ ಸರಿಮಾಡಿದರು. ಅವತ್ತೇ ನನ್ನ ಮನಸ್ಸು ಆ ಕಡೆ ವಾಲಿತು.

ಆದರೂ ಬಾಡಿಗೆ ಸೈಟಿನಲ್ಲಿ ಒಳ್ಳೆಯದೂ ಇತ್ತು. ಎರಡು ದಿನದಲ್ಲಿ ಅಂಗಡಿ ತೆರೆದೆ. ತೂಕದ ಮೇಲೆ ಕೊರಿಯರ್ ಚಾರ್ಜ್, ಸ್ಟಾಕ್ ಲೆಕ್ಕ, ಗಿರಾಕಿಗೆ ಮೆಸೇಜು, ಎಲ್ಲ ತಾನಾಗಿಯೇ ಆಗುತ್ತಿತ್ತು. ಹೊಸ ಮಿಡಿ ಬರುವ ಮಾರ್ಚ್, ಏಪ್ರಿಲ್‌ನಲ್ಲಿ ಆರ್ಡರ್ ಜಾಸ್ತಿ. ಆಗಲೂ ಒಂದು ದಿನ ನಿಂತಿಲ್ಲ. ಶಿವಮೊಗ್ಗದವರು ಸೈಟು ಕಟ್ಟಿದ್ದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ, ಅದರ ಮೇಲೆ ಅಂಗಡಿಗೆ ವೂಕಾಮರ್ಸ್ ಎಂಬ ಪ್ಲಗಿನ್ (ಸೇರಿಸಿಕೊಳ್ಳುವ ಬಿಡಿಭಾಗ). ಒಂದು ಏಪ್ರಿಲ್‌ನಲ್ಲಿ ಪ್ಲಗಿನ್ ಅಪ್‌ಡೇಟ್ ಆಗಿ ದುಡ್ಡು ಕಟ್ಟುವ ಪುಟವೇ ತೆರೆಯಲಿಲ್ಲ. ಹುಡುಗರಲ್ಲಿ ಒಬ್ಬ ತನ್ನ ಅಕ್ಕನ ಮದುವೆಗೆ ಹೋಗಿದ್ದ, ಇನ್ನೊಬ್ಬನಿಗೆ ಜ್ವರ. ಒಂದೂವರೆ ದಿನ ಮತ್ತೆ ವಾಟ್ಸಾಪಿನಲ್ಲೇ ಆರ್ಡರ್ ಬರೆದುಕೊಂಡೆ. ಇಬ್ಬರೇ ಇರುವ ಕಡೆ ಈ ತೊಂದರೆ ಇದ್ದೇ ಇರುತ್ತದೆ. ಬೆಂಗಳೂರಿನ ಕಂಪನಿಯಲ್ಲಿ ಜನ ಬೇಕಾದಷ್ಟಿದ್ದರು. ಆದರೆ ಬೆಲೆ 220ರಿಂದ 240 ಮಾಡಿ ಅಂದರೂ ‘ಟಿಕೆಟ್ ರೈಸ್ ಮಾಡಿ ಮ್ಯಾಡಮ್’, ಅಂದರೆ ಕೋರಿಕೆ ದಾಖಲಿಸಿ ಅನ್ನುತ್ತಿದ್ದರು. ಬೆಲೆ ಬದಲಾಗಲು ನಾಲ್ಕು ದಿನ.

ನನಗೆ ಈಗಲೂ ಹೊಟ್ಟೆ ಉರಿಯುವುದು ಡೊಮೈನ್, ಅಂದರೆ ಸೈಟಿನ ವಿಳಾಸದ ವಿಷಯಕ್ಕೆ. ಬೆಂಗಳೂರಿನವರನ್ನು ಬಿಡುವಾಗ ನಮ್ಮ ಡಾಟ್ ಕಾಮ್ ವಿಳಾಸ ಕೊಡಿ ಅಂದೆ. ನೋಡಿದರೆ ಅದು ಕಂಪನಿಯ ಹೆಸರಿನಲ್ಲಿ, ಕಂಪನಿಯ ಇಮೇಲಿನಲ್ಲಿ ರಿಜಿಸ್ಟರ್ ಆಗಿತ್ತು. ಬೇರೆ ಕಡೆ ಒಯ್ಯಲು ಆತ್ ಕೋಡ್ ಅಂತ ಪಾಸ್‌ವರ್ಡಿನಂಥದ್ದೊಂದು ಬೇಕು. ಮುಂದಿನ ವರ್ಷದ ನಿರ್ವಹಣೆ ದುಡ್ಡು ಕಟ್ಟಿದರೆ ಕೊಡುತ್ತೇವೆ ಅಂದರು. ಒಂದು ತಿಂಗಳು ಕೇಳಿ ಕೇಳಿ ಬಿಟ್ಟುಬಿಟ್ಟೆ. ನಮ್ಮದೇ ಹೆಸರಿನಲ್ಲಿ ಡಾಟ್ ಇನ್ ತೆಗೆದುಕೊಂಡೆ, ಸಾವಿರ ರೂಪಾಯಿ ಕೂಡ ಆಗಲಿಲ್ಲ. ಆದರೆ ಹಳೇ ವಿಳಾಸ ಹಾಕಿದ 2,000 ಲೇಬಲ್ ಪ್ರಿಂಟ್ ಆಗಿ ಕೂತಿತ್ತಲ್ಲ! ಐದು ರಾತ್ರಿ ಊಟ ಆದ ಮೇಲೆ ಅತ್ತೆ, ನಾನು, ಮಗಳು ಜಗಲಿಯಲ್ಲಿ ಕೂತು ಹಳೇ ವಿಳಾಸದ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿದೆವು. ಡೊಮೈನನ್ನು ಮೊದಲೇ ನನ್ನ ಹೆಸರಿನಲ್ಲಿ, ನನ್ನ ಇಮೇಲಿನಲ್ಲಿ ರಿಜಿಸ್ಟರ್ ಮಾಡಿಸಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಇನ್ನೊಂದು ಸಣ್ಣದು. ಬ್ರೌಸರಿನಲ್ಲಿ ಸೈಟು ಸುರಕ್ಷಿತ ಅಂತ ಕಾಣಲು ಬೇಕಾದ ಸೆಕ್ಯುರಿಟಿ ಸರ್ಟಿಫಿಕೇಟಿಗೆ ಬೆಂಗಳೂರಿನವರು 4,000 ಹಾಕಿದ್ದರು. ಶಿವಮೊಗ್ಗದವರು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಸರ್ಟಿಫಿಕೇಟು ಹಾಕಿದರು. ಅದು ಪುಕ್ಕಟೆ, ಅವಧಿ ಮುಗಿಯುವ ಮೊದಲೇ ತಾನಾಗಿಯೇ ನವೀಕರಣ ಆಗುತ್ತದೆ. ನಮ್ಮಂಥ ಅಂಗಡಿಗೆ ಅಷ್ಟು ಸಾಕು. ಪ್ರತಿ ಬಾಟಲಿಯ ಪುಟದಲ್ಲಿ ನಿವ್ವಳ ತೂಕ, ಎಂಆರ್‌ಪಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರು ಇರಬೇಕು ಎಂದು ಕೇಳಿ ಹಾಕಿದವರೂ ಇವರೊಬ್ಬರೇ.

ಮೊನ್ನೆ ಸಿದ್ದಾಪುರದ ಕಡೆ ಜೇನು ಮಾರುವವರೊಬ್ಬರು ಫೋನ್ ಮಾಡಿ, ಯಾರಿಗೆ ಕೊಡಲಿ ಅಂತ ಕೇಳಿದರು. ನಾಲ್ಕೈದು ಸಾಮಾನು, ಇಂಗ್ಲಿಷ್ ಸಾಕು, ಆನ್‌ಲೈನಿನಲ್ಲಿ ವ್ಯಾಪಾರ ಆಗುತ್ತದೋ ನೋಡಬೇಕು ಅನ್ನುವುದಾದರೆ ಆರು ತಿಂಗಳು ಬಾಡಿಗೆ ಸೈಟೇ ಇರಲಿ ಅಂದೆ. ಕನ್ನಡ ಬೇಕು, ಆಗಾಗ ಬದಲಾವಣೆ ಇರುತ್ತದೆ ಅಂದರೆ ಹತ್ತಿರದ ಊರಿನವರೇ ವಾಸಿ. ಯಾರೇ ಆಗಲಿ, ಡೊಮೈನನ್ನು ನಿಮ್ಮ ಇಮೇಲಿನಿಂದ ನೀವೇ ಕೊಳ್ಳಿ, ಅರ್ಧ ದುಡ್ಡು ಕೆಲಸ ಮುಗಿದ ಮೇಲೆ ಕೊಡಿ ಅಂದೆ. ಸೈಟು ಮಾಡುವವರು ತಾವು ಹೋದ ತಿಂಗಳು ಮಾಡಿದ್ದನ್ನು ತೋರಿಸುತ್ತಾರೆ. ಅದು ಬೇಡ, ಎರಡು ವರ್ಷದ ಹಿಂದೆ ಮಾಡಿಕೊಟ್ಟದ್ದು ಯಾವುದು ಅಂತ ಕೇಳಿ, ಅದರ ಮಾಲೀಕರಿಗೆ ಒಂದು ಫೋನ್ ಮಾಡಿ ಅಂದೆ.