ಹಾರುವ ಬಿಲ್ಲೆಗೆ ಈಡು: ಹಿಂದಿನಿಂದ ಬೀಸುವುದೋ, ಮುಂದೆ ಹಿಡಿಯುವುದೋ, ತಾಗಿಸಿ ಎಳೆಯುವುದೋ?

ಮಲೆನಾಡಿನಲ್ಲಿ ಕೋವಿ ಹಿಡಿದು ಪಳಗಿದವರೇ ಕ್ಲೇ ರೇಂಜಿಗೆ, ಅಂದರೆ ಯಂತ್ರ ಎಸೆಯುವ ಬಿಲ್ಲೆಗೆ ಈಡು ಹೊಡೆಯುವ ಜಾಗಕ್ಕೆ, ಬಂದ ಮೊದಲ ದಿನ ಹೆಚ್ಚು ತಪ್ಪುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೋವಿ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಅಲ್ಲಿ ಕೈಗೆ ಅಂಟಿದ ಅಭ್ಯಾಸವೆಂದರೆ ನಿಂತ ಗುರಿಗೆ ಮಣಿ (ನಳಿಗೆಯ ತುದಿಯ ಗುರಿಗುಂಡು) ಕೂರಿಸಿ, ಉಸಿರು ಹಿಡಿದು, ಮೆಲ್ಲಗೆ ಕುದುರೆ (ಟ್ರಿಗರ್) ಎಳೆಯುವುದು. ಬಿಲ್ಲೆಗೂ ಹಾಗೇ ಮಾಡಿದರೆ ಈಡು ಪ್ರತಿ ಸಲವೂ ಹಿಂದೆ ಬೀಳುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅಡ್ಡ ಹಾಯುವ ಬಿಲ್ಲೆ 30 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಅಲ್ಲಿಗೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಬಿಲ್ಲೆ ಹೆಚ್ಚುಕಡಿಮೆ 2 ಮೀಟರ್ ಮುಂದೆ ಹೋಗಿರುತ್ತದೆ. ಬಿಲ್ಲೆಯ ಅಗಲವೋ ಬರೀ 110 ಮಿ.ಮೀ.

ಆ 2 ಮೀಟರನ್ನು ನಳಿಗೆಗೆ ಕೊಡುವ ದಾರಿ ಮೂರು. ಒಂದೇ 12 ಬೋರ್ ಕೋವಿ, ಒಂದೇ 24 ಗ್ರಾಂ ಚರೆಯ ತೋಟಾ, ಒಂದೇ ಕೋನದಲ್ಲಿ ಬರುವ ಬಿಲ್ಲೆ ಇಟ್ಟುಕೊಂಡು ಮೂರನ್ನೂ ಹಾರಿಸಿ ನೋಡಿದಾಗ ನಮಗೆ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಹಿಂದಿನಿಂದ ಬೀಸುವುದು

ನಳಿಗೆಯನ್ನು ಬಿಲ್ಲೆಯ ಹಿಂದಿನಿಂದ ತಂದು, ಅದರ ದಾರಿಯಲ್ಲೇ ಬೀಸಿ, ಬಿಲ್ಲೆಯನ್ನು ದಾಟುತ್ತಿದ್ದಂತೆ ಕುದುರೆ ಎಳೆದು, ಬೀಸು ನಿಲ್ಲಿಸದೆ ಮುಂದುವರಿಸುವುದು. ಕೈಗೆ ತುಂಬ ಸಹಜ. ಎಷ್ಟು ಮುಂದೆ ಎಂದು ಕಣ್ಣಿನಲ್ಲಿ ಅಳೆಯಬೇಕಿಲ್ಲ, ಬೀಸಿನ ವೇಗವೇ ಅಂತರವನ್ನು ಕೊಡುತ್ತದೆ. ಎದುರಿನಿಂದ ದೂರಕ್ಕೆ ಓಡುವ ಟ್ರ್ಯಾಪ್ ಸ್ಪರ್ಧೆಯ ಬಿಲ್ಲೆಗೆ, ಅದರಲ್ಲೂ ಸಣ್ಣ ಕೋನದ್ದಕ್ಕೆ, ಇದು ಚೆನ್ನಾಗಿ ಕೂರುತ್ತದೆ.

ತೊಂದರೆ ಇರುವುದೂ ಆ ವೇಗದಲ್ಲೇ. ಬೆಳಿಗ್ಗೆ ತೋಳು ಹಗುರವಾಗಿದ್ದಾಗಿನ ಬೀಸು, 40 ಈಡು ಆದ ಮೇಲಿನ ಬೀಸು ಒಂದೇ ಆಗಿರುವುದಿಲ್ಲ. ಹೊಸಬರು ತಡವಾಗಿ ಹೊರಟು, ಹಿಂದೆ ಉಳಿದು, ಗಾಬರಿಯಿಂದ ಜಗ್ಗಿ ಬೀಸುತ್ತಾರೆ. ಆಗ ನಳಿಗೆ ಬಿಲ್ಲೆಯ ದಾರಿ ಬಿಟ್ಟು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಹತ್ತು ಬಿಲ್ಲೆ ಒಡೆದವರಿಗೆ ಹನ್ನೊಂದನೆಯದು ಯಾಕೆ ತಪ್ಪಿತು ಎಂದು ಹೇಳಲು ಬರುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೆ ಇಲ್ಲ.

ಮುಂದೆ ಹಿಡಿಯುವುದು

ನಳಿಗೆ ಮೊದಲಿನಿಂದಲೂ ಬಿಲ್ಲೆಯ ಮುಂದೆಯೇ ಇರುತ್ತದೆ, ಅದರ ವೇಗದಲ್ಲೇ ಸಾಗುತ್ತದೆ. ಅಂತರ ಸರಿ ಕಂಡಾಗ ಈಡು. ಸ್ಕೀಟ್‌ನಲ್ಲಿ ಎರಡು ಬದಿಯ ಗೂಡುಗಳಿಂದ ಹಾರುವ ಬಿಲ್ಲೆಯ ದಾರಿ, ವೇಗ ಎರಡೂ ಮೊದಲೇ ಗೊತ್ತಿರುವುದರಿಂದ ಅಲ್ಲಿ ಇದಕ್ಕೆ ಸಮನಾದದ್ದಿಲ್ಲ. ನಾಲ್ಕನೇ ಸ್ಟೇಷನ್ನಿನಲ್ಲಿ (ಶೂಟರ್ ನಿಲ್ಲುವ ಜಾಗ) ಬಿಲ್ಲೆ ಪೂರ್ತಿ ಅಡ್ಡ ಹಾಯುತ್ತದೆ. ಅಲ್ಲಿ ಅಂತರ ಒಂದು ಮೀಟರಿಗೆ ಸ್ವಲ್ಪ ಮೇಲೆ. ಒಮ್ಮೆ ಕಣ್ಣಿಗೆ ಕೂತರೆ ಮತ್ತೆ ಮತ್ತೆ ಅದನ್ನೇ ತರಬಹುದು.

ಆದರೆ ಆ ಅಂತರವನ್ನು ನೋಡಲು ಹೋಗಿಯೇ ಹೊಸಬರು ಕೆಡುವುದು. ಕಣ್ಣು ಬಿಲ್ಲೆಯನ್ನು ಬಿಟ್ಟು ಮಣಿಗೆ ಬರುತ್ತದೆ, ಮಣಿ ಸ್ಪಷ್ಟವಾದ ಕ್ಷಣ ಕೈ ನಿಲ್ಲುತ್ತದೆ, ಈಡು ಹಿಂದೆ ಬೀಳುತ್ತದೆ. ತೋಟದ ಕೋವಿಯ ಅಭ್ಯಾಸ ಇರುವವರಲ್ಲಿ ಇದು ಇನ್ನೂ ಜಾಸ್ತಿ. ಇವರ ಹಿಂದೆ ನಿಂತು ನಳಿಗೆಯ ತುದಿಯನ್ನೇ ನೋಡಿದರೆ ಕುದುರೆ ಎಳೆಯುವ ಮುಂಚೆ ಅದು ತಟ್ಟನೆ ನಿಲ್ಲುವುದು ಕಾಣುತ್ತದೆ.

ತಾಗಿಸಿ ಎಳೆಯುವುದು

ಕೋವಿ ಭುಜಕ್ಕೆ ಬರುವಾಗಲೇ ನಳಿಗೆಯ ತುದಿ ಬಿಲ್ಲೆಗೆ ತಾಗಿದಂತಿರಬೇಕು. ಒಂದು ಗಳಿಗೆ ಅದರ ಜೊತೆಗೇ ಸಾಗಿ, ನಂತರ ವೇಗ ಹೆಚ್ಚಿಸಿ ಮುಂದಕ್ಕೆ ಎಳೆದುಕೊಂಡು ಈಡು. ಜೊತೆಗೆ ಸಾಗುವ ಆ ಗಳಿಗೆಯಲ್ಲೇ ಬಿಲ್ಲೆಯ ವೇಗ, ದಾರಿ ಎರಡೂ ಕೈಗೆ ಗೊತ್ತಾಗುತ್ತದೆ. ಕಣ್ಣಿಗೆ ಬಿಲ್ಲೆಯನ್ನು ಬಿಟ್ಟು ಬೇರೆಲ್ಲೂ ಹೋಗಲು ನೆಪ ಇರುವುದಿಲ್ಲ. ತಪ್ಪಿದರೂ ಕಾರಣ ಹಿಡಿಯುವುದು ಸುಲಭ: ಒಂದೋ ತಾಗಲೇ ಇಲ್ಲ, ಇಲ್ಲವೇ ಎಳೆದದ್ದು ಸಾಲಲಿಲ್ಲ.

ಇದು ಮೂರರಲ್ಲೂ ನಿಧಾನ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಶೂಟರ್ 15 ಮೀಟರ್ ಹಿಂದೆ ನಿಂತಿರುತ್ತಾರೆ, ಬಿಲ್ಲೆ 76 ಮೀಟರ್ ದೂರಕ್ಕೆ ಬೀಳುವ ವೇಗದಲ್ಲಿ ಹೊರಡುತ್ತದೆ. ತಾಗಿಸಿ, ಸಾಗಿ, ಎಳೆಯುವಷ್ಟರಲ್ಲಿ ಅದು ಕೈಮೀರುತ್ತದೆ. ಆದರೂ ಮೊದಲ ಕೆಲವು ತಿಂಗಳಿಗೆ ನಮ್ಮ ಆಯ್ಕೆ ಇದೇ. ಇದು ಕೈಗೆ ಕೂತ ಮೇಲೆ ಸ್ಕೀಟ್‌ಗೆ ಹೋಗುವವರು ಮುಂದೆ ಹಿಡಿಯುವುದಕ್ಕೂ, ಟ್ರ್ಯಾಪ್‌ಗೆ ಹೋಗುವವರು ಬೀಸುವುದಕ್ಕೂ ಹೊರಳಲಿ. ಒಂದೇ ದಿನ ಮೂರನ್ನೂ ಬೆರೆಸಿದರೆ ಯಾವುದೂ ಉಳಿಯುವುದಿಲ್ಲ.

ಬಿಲ್ಲೆ ಒಡೆಯುವ ರೀತಿಯನ್ನು ಓದಲು ಮೊದಲ ದಿನದಿಂದಲೇ ಕಲಿಯಿರಿ. ಪುಡಿಯಾಗಿ ಹೊಗೆ ಎದ್ದರೆ ಚರೆಯ ನಡುಭಾಗ ಬಿದ್ದಿದೆ. ಹಿಂದಿನ ಅಂಚು ಸಿಡಿದು ಮುಂದಿನ ದೊಡ್ಡ ತುಂಡು ಹಾಗೇ ಹಾರುತ್ತ ಹೋದರೆ ಈಡು ಹಿಂದಾಗಿದೆ. ಮೇಲಂಚು ಮಾತ್ರ ಕಿತ್ತರೆ ಈಡು ಮೇಲಾಗಿದೆ. ಬಹುಪಾಲು ಅದು ಕೆನ್ನೆಯನ್ನು ಕೋವಿಯ ಹಿಡಿಯಿಂದ ಎತ್ತಿದ್ದರ ಫಲ. ಬಿಲ್ಲೆ ಒಡೆಯಿತೇ ಎಂದು ನೋಡುವ ಆತುರದಲ್ಲಿ ಈಡಿಗೆ ಮೊದಲೇ ತಲೆ ಎತ್ತುತ್ತಾರೆ. ತುಂಡುಗಳು ನೆಲಕ್ಕೆ ಬೀಳುವವರೆಗೂ ಕೆನ್ನೆ ಅಲ್ಲೇ ಇರಲಿ.

ಕಣ್ಣು: ಮುಚ್ಚುವುದೋ, ಟೇಪ್ ಹಚ್ಚುವುದೋ

ಎಡದಿಂದ ಬಲಕ್ಕೆ ಹೋಗುವ ಬಿಲ್ಲೆ ಒಂದೂ ಒಡೆಯದೆ, ಬಲದಿಂದ ಎಡಕ್ಕೆ ಹೋಗುವುದು ಹೇಗೋ ಒಡೆಯುತ್ತಿದೆಯೇ? ಬಲಗೈಯವರಾದರೆ ಮೊದಲು ಕಣ್ಣನ್ನು ಪರೀಕ್ಷಿಸಿ. ಎರಡೂ ಕಣ್ಣು ತೆರೆದು ದೂರದ ಅಡಿಕೆ ಮರವೊಂದಕ್ಕೆ ಬೆರಳು ತೋರಿಸಿ, ಎಡಗಣ್ಣು ಮುಚ್ಚಿ. ಬೆರಳು ಮರದ ಮೇಲೇ ಇದ್ದರೆ ಬಲಗಣ್ಣು ಮುಂದಾಳು. ಪಕ್ಕಕ್ಕೆ ಜಿಗಿದರೆ ಎಡಗಣ್ಣಿನ ಕಾರುಬಾರು, ನಿಮ್ಮ ಈಡೆಲ್ಲ ಎಡಕ್ಕೆ ಹೋಗುತ್ತಿದೆ.

ಎಡಗಣ್ಣು ಪೂರ್ತಿ ಮುಚ್ಚಿದರೆ ಸಮಸ್ಯೆ ತಕ್ಷಣ ಹೋಗುತ್ತದೆ. ಆದರೆ ದೂರದ ಅಂದಾಜು ಕುಗ್ಗುತ್ತದೆ, ಎಡಬದಿಯಿಂದ ಬರುವ ಬಿಲ್ಲೆ ತಡವಾಗಿ ಕಾಣುತ್ತದೆ. ಕನ್ನಡಕದ ಎಡಗಾಜಿನ ಮೇಲೆ, ಕೋವಿ ಭುಜಕ್ಕೇರಿದಾಗ ಎಡಗಣ್ಣಿಗೆ ಮಣಿ ಕಾಣುವ ಜಾಗಕ್ಕೆ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಮಬ್ಬು ಟೇಪ್ ಅಂಟಿಸುವುದು ಮೇಲು. ಬಿಲ್ಲೆ ಎರಡೂ ಕಣ್ಣಿಗೆ ಕಾಣುತ್ತದೆ, ಮಣಿ ಬಲಗಣ್ಣಿಗೆ ಮಾತ್ರ. ಇನ್ನೂ ಒಂದು ಬಾಕ್ಸ್ ತೋಟಾ ಕೂಡ ಹಾರಿಸದವರು ಎಡಭುಜಕ್ಕೇ ಬದಲಾಯಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ವರ್ಷಗಟ್ಟಲೆ ಬಲಭುಜದಲ್ಲಿ ಹೊಡೆದವರಿಗೆ ಅದು ಆಗದ ಮಾತು.

ಮನೆಯ ಜೋಡು ನಳಿಗೆಯೋ, ಮೇಲೆ-ಕೆಳಗಿನ ನಳಿಗೆಯೋ

ಮನೆಯಲ್ಲಿರುವ ಪಕ್ಕ-ಪಕ್ಕದ ಜೋಡು ನಳಿಗೆಯಲ್ಲೂ ಬಿಲ್ಲೆ ಒಡೆಯುತ್ತದೆ. ಸುಮಾರು 3 ಕಿಲೋ ತೂಗುವ ಕಾರಣ ಬೇಗ ಹೊರಡುತ್ತದೆ, ಅಷ್ಟೇ ಬೇಗ ನಿಲ್ಲುತ್ತದೆ, ಭುಜಕ್ಕೂ ಹೆಚ್ಚು ಒದೆಯುತ್ತದೆ. ಮೂರೂವರೆ ಕಿಲೋ ದಾಟುವ ಮೇಲೆ-ಕೆಳಗಿನ ನಳಿಗೆಯ ಕೋವಿ ಹೊರಡುವುದು ನಿಧಾನವಾದರೂ ಹೊರಟ ಮೇಲೆ ತನ್ನ ಭಾರಕ್ಕೇ ಸಾಗುತ್ತದೆ. ಕೈ ನಿಲ್ಲಿಸುವ ಚಾಳಿಗೆ ಇದೇ ಅರ್ಧ ಮದ್ದು. ರೇಂಜಿನಲ್ಲಿ ಇಂಥದ್ದು ಸಿಗುವುದಾದರೆ ಅದರಲ್ಲೇ ಕಲಿಯಿರಿ.

ಅಜ್ಜನ ಕಾಲದ ವಿಲಾಯತಿ ಕೋವಿಯ ಬಗ್ಗೆ ಮಾತ್ರ ಎಚ್ಚರ. ಹಳೆಯವುಗಳಲ್ಲಿ ತೋಟಾ ಕೂರುವ ಕೋಣೆ 65 ಮಿ.ಮೀ. ಇರುವುದುಂಟು, ಈಗಿನ ತೋಟಾ ಸಾಮಾನ್ಯವಾಗಿ 70 ಮಿ.ಮೀ. ಹಾರಿಸುವ ಮುಂಚೆ ಅದು ಕೋಣೆಗೆ ಸಲೀಸಾಗಿ ಇಳಿಯುವುದರಿಂದ ಸರಿ ಇದೆ ಎಂದೇ ಅನ್ನಿಸುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಸುತ್ತು ಸುತ್ತಾದ ಗೆರೆಗಳಿದ್ದರೆ, ಅಂದರೆ ಡಮಾಸ್ಕಸ್ ಆಗಿದ್ದರೆ, ಬಲ್ಲ ಗನ್‌ಸ್ಮಿತ್ ನೋಡುವವರೆಗೆ ಅದರಲ್ಲಿ ಈಡು ಬೇಡವೇ ಬೇಡ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಈ ಆಟದ್ದಲ್ಲ.

ತೋಟದ ತೋಟಾ ತಂದು ಬಿಲ್ಲೆ ಹೊಡೆಯುವವರಿದ್ದಾರೆ. 24 ಗ್ರಾಂನಲ್ಲಿ 4 ನಂಬರ್ ಚರೆ ಸುಮಾರು 140 ಹಿಡಿದರೆ, ಏಳೂವರೆ ನಂಬರ್ 300ರಷ್ಟು, 9 ನಂಬರ್ 500ರಷ್ಟು ಹಿಡಿಯುತ್ತದೆ. ದಪ್ಪ ಚರೆ ದೂರ ಹೋಗುತ್ತದೆ, ನಡುನಡುವೆ ಬಿಲ್ಲೆ ತೂರಿಹೋಗುವಷ್ಟು ಕಿಂಡಿ ಬಿಡುತ್ತದೆ; ರೇಂಜಿನಲ್ಲಿ ಅದಕ್ಕೆ ಅನುಮತಿಯೂ ಇರುವುದಿಲ್ಲ. ಟ್ರ್ಯಾಪ್‌ಗೆ ಏಳೂವರೆ, ಸ್ಕೀಟ್‌ಗೆ 9. ಚೋಕ್ (ನಳಿಗೆಯ ಬಾಯಿಯ ಇಕ್ಕಟ್ಟು) ಬಿಗಿ ಇದ್ದಷ್ಟು ಒಳ್ಳೆಯದೆಂಬ ನಂಬಿಕೆಯೂ ಹೊಸಬರಿಗೆ ಆಗದು: 18 ಮೀಟರ್ ದೂರದಲ್ಲಿ ತೀರ ಬಿಗಿಯ ಫುಲ್ ಚೋಕ್‌ನ ಚರೆ 40 ಸೆಂ.ಮೀ. ಹರಡಿದರೆ ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್‌ನದು 65 ಸೆಂ.ಮೀ. ಎರಡು ಕುದುರೆಯ ಜೋಡು ನಳಿಗೆಯಲ್ಲಿ ಸಾಮಾನ್ಯವಾಗಿ ಮುಂದಿನ ಕುದುರೆ ಬಲನಳಿಗೆಯದು, ಸಡಿಲ ಚೋಕ್ ಇರುವುದೂ ಅದರಲ್ಲೇ. ಅದನ್ನೇ ಬಳಸಿ.

ಮಳೆಗಾಲದ ಅಭ್ಯಾಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಯಲಿನಲ್ಲಿ ಹಾರಿಸುವ ದಿನಗಳು ಕಡಿಮೆ. ಆ ಹೊತ್ತಿಗೆ ಕೆಲವರು ಏರ್ ರೈಫಲ್ ಹಿಡಿಯುತ್ತಾರೆ. ಕೋವಿಯ ಶಿಸ್ತಿಗೆ ಅದು ಒಳ್ಳೆಯದೇ, ಬಿಲ್ಲೆಗೆ ಮಾತ್ರ ಉಪಯೋಗ ಕಡಿಮೆ. ನಿಂತ ಗುರಿ, ಮಣಿ ನೋಡುವ ಕಣ್ಣು, ನಿಧಾನದ ಕುದುರೆ ಎಲ್ಲವೂ ವಾಪಸ್ ಬರುತ್ತವೆ. ಅದಕ್ಕಿಂತ ಖಾಲಿ ಕೋವಿಯನ್ನು ಭುಜಕ್ಕೇರಿಸುವ ಅಭ್ಯಾಸ ಎಷ್ಟೋ ಮೇಲು. ತೋಟಾ ಬೇರೆ ಕೋಣೆಯಲ್ಲಿರಲಿ, ಕೋವಿ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ನಂತರ ಗೋಡೆ ಮತ್ತು ಮಾಡು ಕೂಡುವ ಗೆರೆಯ ಮೇಲೆ ನಳಿಗೆಯ ತುದಿ ಸಾಗಿಸುತ್ತ ಕೋವಿ ಏರಿಸಿ. ಕೋವಿ ಕೆನ್ನೆಗೆ ಬರಬೇಕು, ಕೆನ್ನೆ ಕೋವಿಗೆ ಬಗ್ಗಬಾರದು. ತುದಿ ಗೆರೆ ಬಿಟ್ಟು ಕುಣಿದರೆ ಹಿಂದಿನ ಕೈ ಮುಂದಿನ ಕೈಗಿಂತ ಜೋರು ಮಾಡುತ್ತಿದೆ ಎಂದರ್ಥ. ದಿನಕ್ಕೆ 30 ಸಲ ಸಾಕು, ತೋಳು ಸೋತ ಮೇಲೆ ಮಾಡಿದ್ದು ತಪ್ಪನ್ನೇ ಕಲಿಸುತ್ತದೆ.

ಸ್ಕೀಟ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ ಬಿಲ್ಲೆ ಕಾಣುವವರೆಗೆ ಕೋವಿ ಸೊಂಟದ ಮಟ್ಟದಲ್ಲೇ ಇರಬೇಕು. ಹಾಗಾಗಿ ಈ ಅಭ್ಯಾಸ ಅವರಿಗೆ ಎರಡು ಪಟ್ಟು ಮುಖ್ಯ. ಟ್ರ್ಯಾಪ್‌ನವರು ಮೊದಲೇ ಭುಜಕ್ಕೇರಿಸಿ ನಿಲ್ಲಬಹುದು, ಹೊಸಬರು ಅದರಿಂದಲೇ ಶುರು ಮಾಡಲಿ.

ಮಳೆ ಬಿಟ್ಟ ದಿನ ರೇಂಜಿಗೆ ಹೋದರೆ ಹಿನ್ನೆಲೆ ನೋಡಿ ಬಿಲ್ಲೆಯ ಬಣ್ಣ ಕೇಳಿ. ಕಪ್ಪು ಹಸಿರು ಕಾಡಿನ ಮುಂದೆ ಕಿತ್ತಳೆ, ಬೆಳ್ಳಗಿನ ಆಕಾಶಕ್ಕೆ ಕಪ್ಪು. ಮೋಡ ಮುಸುಕಿದಾಗ ಹಳದಿ ಗಾಜು ನೆರವಾಗುತ್ತದೆ. ಬಿಲ್ಲೆ ಹೊಡೆಯುವುದು ಪರವಾನಗಿ ಇರುವ ರೇಂಜಿನಲ್ಲಿ ಮಾತ್ರ. ಗದ್ದೆ ಬಯಲು ಎಷ್ಟೇ ಖಾಲಿ ಕಂಡರೂ ಚರೆ ಬೀಳುವ ದಿಕ್ಕಿನಲ್ಲಿ 275 ಮೀಟರ್ ನಿರ್ಜನ ಜಾಗ ಬೇಕು, ಬೆಳೆ ರಕ್ಷಣೆಯ ಲೈಸೆನ್ಸ್ ಕ್ರೀಡೆಯ ಲೈಸೆನ್ಸ್ ಅಲ್ಲ. ಮನೆಗೆ ಬಂದ ಕೂಡಲೇ ನಳಿಗೆಯ ಒಳಹೊರಗು ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬಟ್ಟೆಯ ಚೀಲದಿಂದ ಹೊರಗೆ ಇಡಿ. ಒದ್ದೆ ಚೀಲದಲ್ಲಿ ಒಂದು ರಾತ್ರಿ ಕಳೆದರೆ ಬೆರಳು ತಾಗಿದ ಕಡೆಯೆಲ್ಲ ಬೆಳಗಾಗುವಷ್ಟರಲ್ಲಿ ಕೆಂಪು ಚುಕ್ಕೆ ಎದ್ದಿರುತ್ತದೆ.