ಯಾವುದನ್ನ ಮೊದಲು ನೋಡೋದು? ಕೊನೆಗೆ ಕಣ್ಣೀರು ಹಾಕಿಸಿದ ಎರಡು ಕೊರಿಯನ್ ಸರಣಿಗಳು

ಕತೆಯ ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಿಸಿ. 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ', 'ಟ್ವೆಂಟಿ ಫೈವ್ ಟ್ವೆಂಟಿ ಒನ್', ಎರಡೂ 16 ಕಂತು. ನಾನು ಕೇಳುವುದು ಒಂದೇ: ಜೋಡಿ ಒಂದಾಗಲೇಬೇಕಾ?

ಹೌದಾದರೆ ಮೊದಲನೆಯದು. ದಕ್ಷಿಣ ಕೊರಿಯಾದ ಸಿರಿವಂತೆ ಸೆ-ರಿ ಪ್ಯಾರಾಗ್ಲೈಡಿಂಗ್ ಮಾಡುವಾಗ ಸುಂಟರಗಾಳಿಗೆ ಸಿಕ್ಕಿ ಉತ್ತರ ಕೊರಿಯಾಕ್ಕೆ ಬೀಳುತ್ತಾಳೆ. ನಂಬೋಕಾಗಲ್ಲ ಅಲ್ವಾ? ಆದರೂ ನಂಬಿಬಿಡುತ್ತೇವೆ. ಜನರ ಸಿಟ್ಟೆಲ್ಲ ಮೋಸಗಾರ ಸುಂಗ್-ಜುನ್‌ನ ಸಾವಿನ ಮೇಲೆ. ಒಳ್ಳೆಯವನಾದ ಕೂಡಲೇ ಸಾಯಿಸಬೇಕಿತ್ತಾ ಅಂತ. ಸೆ-ರಿ ಮತ್ತು ಅವಳನ್ನು ಕಾಪಾಡಿದ ಉತ್ತರ ಕೊರಿಯಾದ ಸೇನಾಧಿಕಾರಿಯ ಜೋಡಿಗೆ ಕೊನೆಗೆ ಸಿಗುವುದು ವರ್ಷಕ್ಕೆ ಎರಡು ವಾರ, ಅದೂ ಸ್ವಿಟ್ಜರ್ಲೆಂಡಿನಲ್ಲಿ.

2022ರ ಎರಡನೆಯದು ಬೇರೆ ಥರ. 1997-98ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಮನೆ ಕಳಕೊಂಡ ಯಿ-ಜಿನ್, ಕತ್ತಿವರಸೆ ಆಟಗಾರ್ತಿ ಹೀ-ದೊ. ಕೊರಿಯಾದಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನ ಮನೆತನದ ಹೆಸರು; ಈಗಿನ ಕಾಲದ ದೃಶ್ಯಗಳಲ್ಲಿ ಬರುವ ಹೀ-ದೊ ಮಗಳ ಮನೆತನದ ಹೆಸರು ಕಿಮ್, ಯಿ-ಜಿನ್‌ನದು ಬೆಕ್, ಅಂದರೆ ಸುಳಿವು ಮೊದಲೇ ಇತ್ತು, ಆದರೂ ಜನ ಆಸೆ ಬಿಡಲಿಲ್ಲ, ಬೇರೆಯಾದಾಗ ಬೈದಿದ್ದೇ ಬೈದಿದ್ದು. ನನಗೆ ಹೀ-ದೊ ದೂರ ಸರಿದಿದ್ದು ಸರಿ ಅನಿಸಿತು. ಅವಳ ಅಮ್ಮ ಟಿವಿಯಲ್ಲಿ ಸುದ್ದಿ ಓದುವವಳು, ಗಂಡನ ಅಂತ್ಯಕ್ರಿಯೆಗೂ ಬರಲಿಲ್ಲ. ಅದನ್ನು ಕಂಡವಳು, ನ್ಯೂಯಾರ್ಕ್‌ನಲ್ಲಿ ವರದಿ ಮಾಡುತ್ತಾ ತನ್ನ ನೋವನ್ನು ಒಳಗೇ ಇಟ್ಟುಕೊಳ್ಳುವ ಹುಡುಗನಿಗಾಗಿ ಮತ್ತೆ ಕಾಯಬೇಕಾ? ತಪ್ಪು ಅಂದರೆ ಅವಸರ, ಬೇರೆಯಾಗುವುದನ್ನೆಲ್ಲ ಕೊನೆಯ ಕಂತುಗಳಿಗೆ ತುರುಕಿದ್ದಾರೆ.

ಎರಡನೆಯದನ್ನು ಮಾತ್ರ ರಾತ್ರಿ ಒಬ್ಬರೇ ಕೂತು ಮುಗಿಸಬೇಡಿ, ನಾನು ಬೆಳಿಗ್ಗೆ ಊದಿದ ಕಣ್ಣಲ್ಲೇ ಆಫೀಸಿಗೆ ಹೋಗಿದ್ದೆ.