ಸಿಎಸ್‌ಐ ಮನೆಯವರು ಇಂಗ್ಲೆಂಡಿಗೆ ಹೋದರೆ: ಆಂಗ್ಲಿಕನ್ ಸಭೆಯೋ, ಮೆಥಡಿಸ್ಟ್ ಸಭೆಯೋ?

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳೂ ಅದರಲ್ಲಿ ಸೇರಿಕೊಂಡವು. ಹಾಗಾಗಿ ಅಲ್ಲಿ ಎರಡೂ ನಮಗೆ ನೆಂಟರ ಮನೆಗಳೇ. ಆದರೆ ಮನೆ ನಡೆಸುವ ರೀತಿ ಬೇರೆ.

ಅಲ್ಲಿನ ಆಂಗ್ಲಿಕನ್ ಸಭೆಯಾದ ಚರ್ಚ್ ಆಫ್ ಇಂಗ್ಲೆಂಡ್‌ಗೆ ದೊರೆಯೇ ಪರಮಾಧಿಕಾರಿ. ಬಿಷಪ್‌ಗಳನ್ನು ನೇಮಿಸುವುದೂ ಅವರ ಹೆಸರಲ್ಲೇ. 26 ಬಿಷಪ್‌ಗಳು ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೂರುತ್ತಾರೆ. ಮೆಥಡಿಸ್ಟರಲ್ಲಿ ಬಿಷಪ್ಪೇ ಇಲ್ಲ. ವರ್ಷಕ್ಕೊಮ್ಮೆ ಸೇರುವ ಕಾನ್ಫರೆನ್ಸ್ ಹೇಳಿದ್ದೇ ಕೊನೆ ಮಾತು, ಅದರ ಅಧ್ಯಕ್ಷರಿಗೆ ಒಂದೇ ವರ್ಷ ಅವಧಿ.

ಹಾಗಂತ ಆಂಗ್ಲಿಕನ್ನರಲ್ಲಿ ಎಲ್ಲವೂ ಮೇಲಿನಿಂದಲೇ ಬರುತ್ತದೆ ಅಂದುಕೊಳ್ಳಬೇಡಿ. ಚರ್ಚಿನ ಶಾಸನಸಭೆಯಾದ ಜನರಲ್ ಸಿನಡ್‌ನಲ್ಲಿ ಬಿಷಪ್, ಪಾದ್ರಿ, ಸಾಮಾನ್ಯ ಸಭಿಕ ಅಂತ ಮೂರು ಸದನಗಳಿವೆ. ನನಗೆ ತುಂಬಾ ಇಷ್ಟವಾದದ್ದು ಊರಿನ ಮಟ್ಟದ ಚುನಾವಣೆ. ಪ್ರತಿ ವರ್ಷ ಚರ್ಚ್‌ವಾರ್ಡನ್‌ಗಳನ್ನು (ಪಾದ್ರಿಯಲ್ಲದ ಚರ್ಚ್ ಪದಾಧಿಕಾರಿಗಳನ್ನು) ಆರಿಸುವ ಸಭೆಯಲ್ಲಿ, ಆ ಪ್ಯಾರಿಷ್‌ನ (ಚರ್ಚಿನ ವ್ಯಾಪ್ತಿಯ ಪ್ರದೇಶದ) ಸರ್ಕಾರಿ ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಕೈ ಎತ್ತಬಹುದು. ಚರ್ಚಿಗೆ ಒಮ್ಮೆಯೂ ಹೋಗದ ಪಕ್ಕದ ಮನೆಯವರು ಕೂಡ! ಚರ್ಚ್ ಇಡೀ ಊರಿನದು ಅನ್ನೋ ಭಾವನೆ ಇಲ್ಲಿ ಕಾಣುತ್ತದೆ, ಅಲ್ವಾ?

ಮೆಥಡಿಸ್ಟರಲ್ಲಿ ಒಬ್ಬ ಪಾದ್ರಿಗೆ ಸಾಮಾನ್ಯವಾಗಿ ಹಲವು ಚರ್ಚ್‌ಗಳ ಹೊಣೆ. ಅಕ್ಕಪಕ್ಕದ ಚರ್ಚ್‌ಗಳ ಗುಂಪಿಗೆ ಸರ್ಕ್ಯೂಟ್ ಅಂತಾರೆ. ಹೀಗಾಗಿ ಭಾನುವಾರ ಎಷ್ಟೋ ಕಡೆ ಲೋಕಲ್ ಪ್ರೀಚರ್‌ಗಳೇ, ಅಂದರೆ ಪಾದ್ರಿಯಲ್ಲದ ಬೋಧಕರೇ, ಬೋಧಿಸುತ್ತಾರೆ.

ಬಿಷಪ್ಪು, ಡಯೋಸಿಸ್ಸು (ಬಿಷಪ್ಪಿನ ಆಡಳಿತದ ಪ್ರದೇಶ) ಇರುವ ಸಿಎಸ್‌ಐನಲ್ಲಿ ಬೆಳೆದವರಿಗೆ ಆಂಗ್ಲಿಕನ್ ಸಭೆ ಬೇಗ ಒಗ್ಗುತ್ತದೆ. ಬೋಧನೆ ಮಾಡುವ ಆಸೆಯಿದ್ದರೆ ಮಾತ್ರ ಮೊದಲು ಮೆಥಡಿಸ್ಟರ ಬಾಗಿಲು ತಟ್ಟಿ.